ನಾಲ್ಕು ಜೋಗದ ಒತ್ತಡ

ಹೋದ ಶ್ರಾವಣದಲ್ಲಿ ಅಮ್ಮ ಅಂಗಳದಲ್ಲಿ ಜಾರಿ ಬಿದ್ದಳು. ಬೆಳಗ್ಗೆ ಹೂ ಕೊಯ್ಯಲು ಹೋಗಿದ್ದಳು. ಬುಟ್ಟಿ ಒಂದು ಕಡೆ, ಅವಳು ಒಂದು ಕಡೆ. ಎದ್ದು ಕೂತವಳು ಮೊದಲು ಮಾಡಿದ ಕೆಲಸ, ಚೆಲ್ಲಿದ ದಾಸವಾಳ ಹೆಕ್ಕಿದ್ದು. ಅದೂ ಎಡಗೈಯಲ್ಲಿ. ಬಲಗೈ ಮಣಿಕಟ್ಟು ಮುರಿದಿದೆ ಅಂತ ಗೊತ್ತಾಗಿದ್ದು ಸಾಗರ ಪೇಟೆಗೆ ಹೋಗಿ ಎಕ್ಸ್‌ರೇ ತೆಗೆಸಿದ ಮೇಲೆ. ಆರು ವಾರ ಪ್ಲಾಸ್ಟರ್ ಹಾಕಿಕೊಂಡಿದ್ದಳು.

ಮಲೆನಾಡಿನ ಮನೆಗಳಿಗೆ ಇದು ಹೊಸದಲ್ಲ. ಮಳೆಗಾಲ ಹಿಡಿದರೆ ಅಂಗಳ ಒಣಗುವ ಮಾತೇ ಇಲ್ಲ. ಸಿಮೆಂಟ್ ಇರಲಿ, ಚಪ್ಪಡಿ ಕಲ್ಲಿರಲಿ, ಮೇಲೆ ಪಾಚಿ ಕಟ್ಟುತ್ತದೆ. ಹಿಂದಿನವರು ಓಡಾಡುವ ಜಾಗಕ್ಕೆ ಅಡಿಕೆ ಸೋಗೆ ಹಾಸುತ್ತಿದ್ದರು, ಅಡಿಕೆ ದಬ್ಬೆ ಹಾಕುತ್ತಿದ್ದರು. ನಾವು ಈಗಲೂ ಹಾಕುತ್ತೇವೆ. ಜೊತೆಗೆ ಬ್ಲೀಚಿಂಗ್ ಪೌಡರ್ ಎರಚುತ್ತೇವೆ. ಅದು ಎರಡು ಜೋರು ಮಳೆಗೆ ತೊಳೆದು ಹೋಗುತ್ತದೆ, ಪಾಚಿ ಅಲ್ಲೇ ಇರುತ್ತದೆ. ಬಿಸಿಲು ಬಂದಾಗ ಕೂತು ಕತ್ತಿಯಲ್ಲಿ ಕೆರೆಯುವುದೊಂದೇ ಗಟ್ಟಿ ಉಪಾಯ. ಇಷ್ಟು ವರ್ಷ ಆ ಕೆಲಸವನ್ನು ಅಮ್ಮನೇ ಮಾಡುತ್ತಿದ್ದಳು. ಅದು ನನ್ನ ತಲೆಗೆ ಬಂದಿದ್ದು ಅವಳ ಕೈಗೆ ಪ್ಲಾಸ್ಟರ್ ಬಿದ್ದ ಮೇಲೆ.

ಒಂದು ಪ್ರೆಶರ್ ವಾಷರ್, ಅಂದರೆ ನೀರನ್ನು ಜೋರಾಗಿ ಚಿಮ್ಮಿಸಿ ತೊಳೆಯುವ ಮಷೀನು, ತರಬೇಕು ಅಂತ ತೀರ್ಮಾನ ಮಾಡಿದೆ. ಹೊಸದಕ್ಕೆ ಆಗ ದುಡ್ಡಿರಲಿಲ್ಲ. ಬೆಂಗಳೂರಿನಲ್ಲಿ ನಮ್ಮ ನೆಂಟರ ಪಕ್ಕದ ಮನೆಯವರು ಊರು ಬಿಡುತ್ತಿದ್ದರು. ಕಾರು ತೊಳೆಯಲು ತಂದಿದ್ದ ಮಷೀನು ಅವರ ಹತ್ತಿರ ಇತ್ತು. 2,200 ರೂಪಾಯಿ ಹೇಳಿದರು. "ಪ್ರೆಶರ್ ಸ್ವಲ್ಪ ಕಮ್ಮಿ ಆಗಿದೆ ಅಷ್ಟೇ" ಅಂದರು. ಸುಳ್ಳೇನೂ ಹೇಳಲಿಲ್ಲ. ಬಸ್ಸಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದೆ.

ಮನೆಗೆ ತಂದು ನಲ್ಲಿಗೆ ಪೈಪ್ ಜೋಡಿಸಿ ಸ್ವಿಚ್ ಹಾಕಿದೆ. ಮೋಟಾರು ಚೆನ್ನಾಗಿಯೇ ಓಡಿತು. ಗನ್ ಒತ್ತಿದರೆ ನೀರು ಒಮ್ಮೆ ಜೋರಾಗಿ, ಒಮ್ಮೆ ಸೋತು, ಬಿಕ್ಕಳಿಸಿದ ಹಾಗೆ ಬಂತು. ಪಾಚಿ ಅಲುಗಲಿಲ್ಲ. ಎರಡು ನಿಮಿಷಕ್ಕೆ ಮಷೀನಿನ ಕೆಳಗೆ ನೀರು ನಿಂತಿತು. ಆ ನೀರಿನ ಮೇಲೆ ತೆಳ್ಳಗೆ ಎಣ್ಣೆ ಹರಡಿತ್ತು.

ನಾನು ಮೆಕ್ಯಾನಿಕ್ ಅಲ್ಲ. ಎರಡು ಎಕರೆ ತೋಟ, ಒಂದಿಷ್ಟು ಲೆಕ್ಕಪತ್ರದ ಕೆಲಸ, ಇಷ್ಟೇ ನನ್ನ ಬದುಕು. ಆದರೆ ಎಣ್ಣೆ ಮತ್ತು ನೀರು ಎರಡೂ ಒಂದೇ ಜಾಗದಿಂದ ಬರುತ್ತಿದ್ದರೆ ಒಳಗೆ ಅವೆರಡರ ನಡುವಿನ ಬೇಲಿ ಮುರಿದಿದೆ ಅಂತಲೇ ಅರ್ಥ. ತೋಟದ ಪಂಪುಗಳ ಜೊತೆ ಏಗಿದವರಿಗೆ ಅಷ್ಟು ಗೊತ್ತಿರುತ್ತದೆ.

ಈ ಮಷೀನಿನ ಒಳಗೆ ನಡೆಯುವುದು ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಗೊತ್ತಿಲ್ಲದೆ ರಿಪೇರಿಗೆ ಕೈ ಹಾಕಬಾರದು.

ಮೋಟಾರಿನ ತುದಿಯಲ್ಲಿ ಒಂದು ತಟ್ಟೆ ಇದೆ. ಅದು ನೇರವಾಗಿಲ್ಲ, ಓರೆಯಾಗಿದೆ. ಅದರ ಮುಂದೆ ಮೂರು ಸ್ಟೀಲ್ ಕಡ್ಡಿಗಳು ನಿಂತಿವೆ. ಇವುಗಳಿಗೆ ಪ್ಲಂಜರ್ ಅನ್ನುತ್ತಾರೆ. ಓರೆ ತಟ್ಟೆ ತಿರುಗಿದಂತೆ ಎತ್ತರದ ಬದಿ ಒಂದೊಂದೇ ಪ್ಲಂಜರನ್ನು ಮುಂದೆ ದೂಡುತ್ತದೆ. ಸ್ಪ್ರಿಂಗು ಅದನ್ನು ಹಿಂದೆ ತರುತ್ತದೆ. ಹಿಂದೆ ಬಂದಾಗ ನೀರು ಒಳಗೆ, ಮುಂದೆ ಹೋದಾಗ ನೀರು ಹೊರಗೆ. ಪ್ರತಿ ಪ್ಲಂಜರಿಗೆ ಎರಡು ಪುಟ್ಟ ವಾಲ್ವು. ಒಂದು ಒಳಬರುವ ಬಾಗಿಲು, ಇನ್ನೊಂದು ಹೊರಹೋಗುವ ಬಾಗಿಲು. ಒಟ್ಟು ಆರು.

ನನ್ನ ಮಷೀನಿನ ಮೇಲೆ 100 ಬಾರ್, ನಿಮಿಷಕ್ಕೆ 6 ಲೀಟರ್ ಅಂತ ಬರೆದಿತ್ತು. ಮೋಟಾರು ನಿಮಿಷಕ್ಕೆ ಸುಮಾರು 2,800 ಸುತ್ತು. ಅಂದರೆ ಒಂದೊಂದು ಪ್ಲಂಜರು ನಿಮಿಷಕ್ಕೆ 2,800 ಸಲ ಮುಂದೆ ಹಿಂದೆ ಹೋಗುತ್ತದೆ. ಲೆಕ್ಕ ಹಾಕಿದರೆ ಒಂದು ಸಲಕ್ಕೆ ಅದು ದೂಡುವ ನೀರು ಮುಕ್ಕಾಲು ಮಿಲಿಲೀಟರ್ ಕೂಡ ಇಲ್ಲ. ಮಗುವಿಗೆ ಔಷಧಿ ಹಾಕುವ ಫಿಲ್ಲರಿನಲ್ಲಿ ಹಿಡಿಯುವುದಕ್ಕಿಂತ ಕಮ್ಮಿ. ಅಷ್ಟನ್ನೇ ಹಿಡಿದು ಹಿಡಿದು ದೂಡುತ್ತದೆ.

100 ಬಾರ್ ಅಂದರೆ ಎಷ್ಟು? ನೀರನ್ನು 10 ಮೀಟರ್ ಎತ್ತರಕ್ಕೆ ನಿಲ್ಲಿಸಿದರೆ ಬುಡದಲ್ಲಿ ಹೆಚ್ಚುಕಮ್ಮಿ 1 ಬಾರ್ ಒತ್ತಡ. ನಮ್ಮ ಮನೆಯ ಅಟ್ಟದ ಟ್ಯಾಂಕಿನಿಂದ ಬಚ್ಚಲಿಗೆ ಬರುವ ನೀರಿಗೆ ಅರ್ಧ ಬಾರ್ ಕೂಡ ಇರುವುದಿಲ್ಲ. ಜೋಗದಲ್ಲಿ ರಾಜಾ ಬೀಳುವುದು 253 ಮೀಟರ್ ಎತ್ತರದಿಂದ. ಆ ಎತ್ತರದ ಪೈಪಿನಲ್ಲಿ ನೀರು ತುಂಬಿ ನಿಲ್ಲಿಸಿದರೆ ಬುಡದಲ್ಲಿ ಸುಮಾರು 25 ಬಾರ್. ನಾಲ್ಕು ಜೋಗವನ್ನು ಒಂದರ ಮೇಲೊಂದು ಇಟ್ಟರೆ 100 ಬಾರ್ ಆಗುತ್ತದೆ. ಅಷ್ಟು ಒತ್ತಡ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಅಲ್ಯೂಮಿನಿಯಂ ಗಟ್ಟಿಯ ಒಳಗೆ ಹುಟ್ಟುತ್ತದೆ. ನಾನು ಹುಟ್ಟಿದಾಗಿನಿಂದ ಜೋಗ ನೋಡಿದವನು. ಈ ಲೆಕ್ಕ ಹಾಕಿದ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಆ ಒತ್ತಡವನ್ನೆಲ್ಲ ತಡೆದು ಹಿಡಿಯುವುದು ಯಾವುದು ಗೊತ್ತಾ? ಪ್ಲಂಜರಿನ ಸುತ್ತ ಕೂರುವ ಒಂದು ರಬ್ಬರ್ ಬಳೆ. ಅದೇ ಸೀಲ್. ಚಿಕ್ಕ ಮಕ್ಕಳ ಉಂಗುರದಷ್ಟೇ ಇರುತ್ತದೆ. ನನ್ನ ಪಂಪಿನ ಪ್ಲಂಜರು 12 ಮಿಲಿಮೀಟರ್ ದಪ್ಪ. 100 ಬಾರ್‌ನಲ್ಲಿ ಅದರ ತುದಿಯ ಮೇಲೆ ಬೀಳುವ ಭಾರ ಎರಡು ಚೀಲ ಸಿಮೆಂಟಿಗಿಂತ ಜಾಸ್ತಿ. ಸೆಕೆಂಡಿಗೆ ನಲವತ್ತಾರು, ನಲವತ್ತೇಳು ಸಲ ಆ ಭಾರ ಏರಿ ಇಳಿಯುತ್ತದೆ.

ಬಿಚ್ಚುವ ಮೊದಲು ಪ್ಲಗ್ ಕಿತ್ತು ಪಕ್ಕಕ್ಕಿಟ್ಟೆ. ಗನ್ ಒತ್ತಿ ಪೈಪಿನಲ್ಲಿ ಉಳಿದ ಒತ್ತಡವನ್ನೆಲ್ಲ ಬಿಟ್ಟೆ. ಈ ಮೋಟಾರಿಗೆ ಕೆಪಾಸಿಟರ್ ಇದೆ. ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಇರಬಹುದು, ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ನೀರು ಮತ್ತು ಕರೆಂಟು ಒಟ್ಟಿಗೆ ಇರುವ ಮಷೀನು ಇದು. ಅರ್ಥಿಂಗ್ ಸರಿ ಇಲ್ಲದ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಇಲ್ಲದ ಮನೆಯಲ್ಲಿ ಇದನ್ನು ಓಡಿಸಲೇಬೇಡಿ. ಹಳ್ಳಿ ಮನೆಗಳಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ಹೋಗಿರುತ್ತದೆ. ನಾವು ಅದಕ್ಕೆ ನೀರು ಹೊಯ್ಯುವುದನ್ನೂ ಮರೆತಿರುತ್ತೇವೆ.

ಹೊರಗಿನ ಪ್ಲಾಸ್ಟಿಕ್ ಕವಚಕ್ಕೆ ನಕ್ಷತ್ರದ ತಲೆಯ ಸ್ಕ್ರೂಗಳು. ಅದಕ್ಕೆ ಬೇರೆಯದೇ ಕೀ ಬೇಕು, ಸಾಗರದಲ್ಲಿ ಸೆಟ್ಟೇ ಸಿಕ್ಕಿತು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದೆ. ಬಿಚ್ಚಿದ ಸಾಮಾನು ಎಲ್ಲಿಡುವುದು ಅಂತ ನೋಡುತ್ತಿದ್ದಾಗ ಅಮ್ಮ ಒಳಗಿನಿಂದ ಹಳೆಯ ಇಡ್ಲಿ ತಟ್ಟೆ ತಂದು ಕೊಟ್ಟಳು. "ಒಂದೊಂದು ಕುಳಿಗೆ ಒಂದೊಂದು ಹಾಕು ತಮ್ಮಾ, ಅದಲು ಬದಲು ಆಗೋದಿಲ್ಲ" ಅಂದಳು. ಆರು ವಾಲ್ವುಗಳನ್ನು ಬಂದ ಕ್ರಮದಲ್ಲೇ ಆರು ಕುಳಿಯಲ್ಲಿಟ್ಟೆ. ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ಇವತ್ತಿಗೂ ಕಂಡಿಲ್ಲ.

ಪಂಪಿನ ತಲೆ ಬಿಚ್ಚಿದಾಗ ಮೊದಲು ಕಂಡಿದ್ದು ಬಿಳಿ ಬಣ್ಣ. ವಾಲ್ವಿನ ಸುತ್ತ, ನೀರಿನ ದಾರಿಯ ಉದ್ದಕ್ಕೂ ಸುಣ್ಣ ಬಳಿದ ಹಾಗೆ ಗಟ್ಟಿ ಪದರ. ಬೆಂಗಳೂರಿನ ಬೋರ್‌ವೆಲ್ ನೀರು. ಗೀಸರಿನ ಕಾಯಿಲ್ ಮೇಲೆ, ನಲ್ಲಿಯ ಬಾಯಲ್ಲಿ ಕಟ್ಟುವ ಅದೇ ಸುಣ್ಣ. ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು ಕುಡಿದು ಬೆಳೆದವರಿಗೆ ಇದು ಹೊಸ ನೋಟ. ಆ ಪದರದ ಒಂದು ಚೂರು ಎದ್ದು ಬಂದು ಒಂದು ವಾಲ್ವಿನ ಬಾಯಿಗೆ ಅಡ್ಡ ಸಿಕ್ಕಿಕೊಂಡಿತ್ತು. ಬಾಗಿಲು ಮುಚ್ಚಲು ಬಿಟ್ಟಿರಲಿಲ್ಲ. ನೀರು ಬಿಕ್ಕಳಿಸಿದ್ದಕ್ಕೆ ಕಾರಣ ಅದು. ಮೂರರಲ್ಲಿ ಒಂದು ಪ್ಲಂಜರ್ ಕೆಲಸ ಮಾಡದಿದ್ದರೆ ನೀರು ಮೂರನೇ ಒಂದು ಭಾಗ ಕಮ್ಮಿ ಆಗುತ್ತದೆ. ಆದರೆ ಗನ್ನಿನ ತುದಿಯ ನಳಿಕೆಯ ತೂತು ಅಷ್ಟೇ ಇರುವುದರಿಂದ ಒತ್ತಡ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. "ಸ್ವಲ್ಪ ಕಮ್ಮಿ" ಅಂದಿದ್ದು ಇದನ್ನೇ.

ಸೀಲುಗಳು ಮೂರೂ ಒಣಗಿ ಬಿರುಸಾಗಿದ್ದವು. ಉಗುರಿನಲ್ಲಿ ಒತ್ತಿದರೆ ಪುಡಿ ಉದುರಿತು. ನೀರಿಲ್ಲದೆ ಓಡಿಸಿದ ಪಂಪಿನ ಸೀಲು ಹೀಗಾಗುತ್ತದೆ. ಸೀಲಿಗೆ ನೀರೇ ಎಣ್ಣೆ, ನೀರೇ ತಂಪು. ನಲ್ಲಿ ತಿರುಗಿಸುವುದನ್ನು ಮರೆತು ಒಂದೆರಡು ನಿಮಿಷ ಓಡಿಸಿದರೂ ಸುಟ್ಟು ಹೋಗಬಹುದು. ಟ್ಯಾಂಕರ್ ನೀರಿಗೆ ಕಾಯುವ ಅಪಾರ್ಟ್‌ಮೆಂಟಿನಲ್ಲಿ ಒಮ್ಮೆಯಾದರೂ ಹಾಗೆ ಆಗಿರಬೇಕು.

ಒಂದು ಪ್ಲಂಜರಿನ ಮೇಲೆ ಉದ್ದಕ್ಕೆ ಗೀರು ಬಿದ್ದಿತ್ತು. ಬೆರಳಿಗೆ ತಗಲುವಷ್ಟು ಆಳ. ಹೊಸ ಸೀಲು ಹಾಕಿದರೂ ಆ ಗೀರು ವಾರದಲ್ಲಿ ಅದನ್ನು ತಿಂದು ಹಾಕುತ್ತದೆ. ಇನ್ನು ಎಣ್ಣೆ. ಪಂಪಿನ ಹಿಂಭಾಗದಲ್ಲಿ ಓರೆ ತಟ್ಟೆ ಮತ್ತು ಬೇರಿಂಗು ಮುಳುಗಿ ತಿರುಗುವ ಎಣ್ಣೆ. ಜೇನಿನ ಬಣ್ಣ ಇರಬೇಕಿತ್ತು. ಸುರಿದರೆ ಹಾಲು ಜಾಸ್ತಿಯಾದ ಕಾಫಿ. ಸೀಲು ದಾಟಿದ ನೀರು ಎಣ್ಣೆಯಲ್ಲಿ ಬೆರೆತು ಕಡೆದ ಹಾಗಾಗಿತ್ತು. ಬೇರಿಂಗಿನ ಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆ. ಪುಣ್ಯಕ್ಕೆ ಕೈಯಲ್ಲಿ ತಿರುಗಿಸಿದರೆ ಕರಕರ ಅನ್ನಲಿಲ್ಲ.

ಮಷೀನು ಬಿಚ್ಚುವುದು ಅಂದರೆ ಅದರ ಹಿಂದಿನ ದಿನಗಳನ್ನು ಓದುವುದು ಅಂತ ನನಗೆ ಆ ಮಧ್ಯಾಹ್ನ ಅನ್ನಿಸಿತು. ಯಾರೂ ಇದನ್ನು ಬೇಕೆಂದು ಹಾಳು ಮಾಡಿರಲಿಲ್ಲ. ಭಾನುವಾರ ಕಾರು ತೊಳೆದು, ಒಳಗೆ ನೀರು ಹಾಗೇ ಬಿಟ್ಟು, ಮೂಲೆಯಲ್ಲಿ ಇಟ್ಟಿದ್ದರು. ಮುಂದಿನ ಭಾನುವಾರ ಬರಲಿಲ್ಲ. ತಿಂಗಳುಗಳು ಹೋದವು. ನಿಂತ ನೀರು ಒಣಗಿ ಸುಣ್ಣವಾಯಿತು. ಪಂಪುಗಳು ದುಡಿದು ಸಾಯುವುದಕ್ಕಿಂತ ಕೂತು ಸಾಯುವುದೇ ಜಾಸ್ತಿ.

ಮಷೀನಿನ ಕಂಪನಿಯ ಸರ್ವಿಸ್‌ನವರಿಗೆ ಫೋನ್ ಮಾಡಿದೆ. ಸೀಲು ಬಿಡಿಯಾಗಿ ಸಿಗುವುದಿಲ್ಲ, ಪ್ಲಂಜರ್ ಸಿಗುವುದಿಲ್ಲ, ಇಡೀ ಪಂಪನ್ನೇ ಬದಲಿಸಬೇಕು ಅಂದರು. ಅದರ ಬೆಲೆ ನಾನು ಮಷೀನಿಗೆ ಕೊಟ್ಟಿದ್ದರ ಎರಡರಷ್ಟು. ಫೋನಿನಲ್ಲಿ ಮಾತಾಡಿದ ಹುಡುಗಿ ಒಳ್ಳೆಯವಳು, ತಾಳ್ಮೆಯಿಂದ ಎರಡು ಸಲ ಹುಡುಕಿ ಹೇಳಿದಳು. ಅವಳ ಮುಂದಿನ ಪಟ್ಟಿಯಲ್ಲೇ ಅದು ಇರಲಿಲ್ಲ.

ನನಗೆ ಇದು ಸರಿ ಕಾಣುವುದಿಲ್ಲ. ರಬ್ಬರ್ ಬಳೆ ಒಂದು ಸವೆದಿದ್ದಕ್ಕೆ ಎರಡು ಕಿಲೋ ಲೋಹ ಗುಜರಿಗೆ ಹಾಕು ಅನ್ನುವುದು ನ್ಯಾಯವಲ್ಲ. ನಮ್ಮ ದೇಶದಲ್ಲಿ ಇದರ ಬಗ್ಗೆ ಮಾತು ಶುರುವಾಗಿದೆ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ಕ್ಕೆ ಅದಕ್ಕಾಗಿ ಒಂದು ಪೋರ್ಟಲ್ ತೆರೆಯಿತು. ಆ ಸಮಿತಿ ಮೊದಲು ಆರಿಸಿಕೊಂಡ ನಾಲ್ಕು ವಿಭಾಗಗಳಲ್ಲಿ ಕೃಷಿ ಉಪಕರಣವೂ ಒಂದು. ಮೊಬೈಲು, ಕಾರುಗಳ ಸಾಲಿನಲ್ಲಿ ನಮ್ಮ ತೋಟದ ಪಂಪು, ಕಳೆ ಕತ್ತರಿಸುವ ಮಷೀನುಗಳಿಗೂ ಜಾಗ ಸಿಕ್ಕಿದ್ದು ನನಗೆ ಸಮಾಧಾನ ತಂದಿತ್ತು. ಆದರೆ ನನ್ನ ಸೀಲು ಸಿಕ್ಕಿದ್ದು ಪೋರ್ಟಲಿನಲ್ಲಿ ಅಲ್ಲ, ಸಾಗರ ಪೇಟೆಯಲ್ಲಿ.

ಪೇಟೆಯ ಒಂದು ಓಣಿಯಲ್ಲಿ ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅರವತ್ತು ದಾಟಿದೆ. ಅಂಗಡಿ ಅಂದರೆ ಎಂಟು ಅಡಿ ಅಗಲದ ಕೋಣೆ. ಗೋಡೆ ತುಂಬ ಮೊಳೆ, ಮೊಳೆ ತುಂಬ ಬಳೆಗಳ ಹಾಗೆ ಸೀಲು, ಓ-ರಿಂಗು, ವಾಷರುಗಳ ಸರ. ನಾನು ಇಡ್ಲಿ ತಟ್ಟೆಯನ್ನು ಹಾಗೇ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿದ್ದೆ. ಅವರು ಕಂಪನಿ ಹೆಸರು ಕೇಳಲೇ ಇಲ್ಲ. ಹಳೇ ಸೀಲು ಎತ್ತಿ ಬೆಳಕಿಗೆ ಹಿಡಿದರು. ಅಳತೆ ತೆಗೆಯುವ ವರ್ನಿಯರ್ ಎತ್ತಿಕೊಂಡರು.

"ಇದರ ಹೆಸರು, ನಂಬರು ಎಂತದೂ ಗೊತ್ತಿಲ್ಲ ಅಣ್ಣಾ" ಅಂದೆ.

"ಸೀಲಿಗೆ ಹೆಸರು ಎಂತಕ್ಕೆ ಮಾರಾಯ್ರೇ? ಅಳತೆ ಇದ್ರೆ ಸಾಕು."

ಒಳಗಿನ ಅಗಲ, ಹೊರಗಿನ ಅಗಲ, ಎತ್ತರ. ಮೂರು ಅಂಕಿ. ಸೀಲು ಕೂರುವ ಗುಂಡಿಯನ್ನೂ ಅಳೆದರು, ಏಕೆಂದರೆ ಹಳೇ ಸೀಲು ಸವೆದು ಕುಗ್ಗಿರುತ್ತದೆ, ಅದೊಂದನ್ನೇ ನಂಬಬಾರದು. ಆಮೇಲೆ ಎದ್ದು ಗೋಡೆಯ ಎಡಗಡೆಯ ಎರಡನೇ ಮೊಳೆಗೆ ಕೈ ಹಾಕಿದರು. ಮೂರು ಸೀಲು ತೆಗೆದು ಮೇಜಿನ ಮೇಲಿಟ್ಟರು. ಹೈಡ್ರಾಲಿಕ್ ಕೆಲಸಕ್ಕೆ ಬರುವ ಗಟ್ಟಿ ಜಾತಿಯವು.

ನಮ್ಮ ಊರಿನ ಕಡೆ ಇಂಥವರು ಇರುವುದಕ್ಕೆ ಒಂದು ಕಾರಣ ಇದೆ. ಅದು ಕೊಳೆ ರೋಗ. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ರಾಶಿ ರಾಶಿ ಉದುರುವ ರೋಗ. ಹಿಂದೆ ಮಳೆ ತಾಗದಂತೆ ಅಡಿಕೆ ಕೊನೆಗಳಿಗೆ, ಅಂದರೆ ಗೊಂಚಲುಗಳಿಗೆ, ಕೊಟ್ಟೆಯ ಹೊದಿಕೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿದರು. 1910ರಲ್ಲಿ ಅದರ ಬಗ್ಗೆ ಬರೆದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣ ಅಡಿಕೆ ತೋಟದ ಔಷಧಿಯಾಯಿತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಹದ ನೋಡಲು ಕಬ್ಬಿಣದ ಕತ್ತಿ ಅದ್ದಿ ತೆಗೆಯುತ್ತೇವೆ. ಕತ್ತಿ ಕೆಂಪಗಾದರೆ ಸುಣ್ಣ ಸಾಲದು ಅಂತ ಅರ್ಥ.

ಈ ಔಷಧಿ ರೋಗಕ್ಕೆ ಎಷ್ಟು ಒಳ್ಳೆಯದೋ ಪಂಪಿಗೆ ಅಷ್ಟೇ ಕೆಟ್ಟದ್ದು. ಸುಣ್ಣದ ನುಣ್ಣನೆ ಕಣಗಳು ಪಂಪಿನ ಒಳಗೆ ಉಪ್ಪುಕಾಗದದ ಹಾಗೆ ಉಜ್ಜುತ್ತವೆ. ಅಡಿಕೆ ಮರದ ತುದಿಗೆ ಏರಬೇಕಾದರೆ ಒತ್ತಡವೂ ಬೇಕು. ಪ್ರತಿ ಮಳೆಗಾಲ ಸೀಲು ಹೋಗುತ್ತದೆ, ವಾಲ್ವು ಕಟ್ಟುತ್ತದೆ, ಪ್ಲಂಜರು ಗೀರುತ್ತದೆ. ಔಷಧಿ ಹೊಡೆಯಲು ಮರ ಹತ್ತಿದ ಕೊನೆಗೌಡ ಮೇಲೆ ಕೂತಿರುವಾಗ ಕೆಳಗೆ ಪಂಪು ನಿಂತರೆ ಕಾಯಲು ಆಗುವುದಿಲ್ಲ. ಮಳೆ ಬಿಡುವು ಕೊಡುವುದು ಎರಡೋ ಮೂರೋ ತಾಸು ಅಷ್ಟೇ. ಹಾಗಾಗಿ ಅಡಿಕೆ ಊರುಗಳ ಪೇಟೆಯಲ್ಲಿ ತಕ್ಷಣ ಸೀಲು ಹಾಕಿಕೊಡುವ ಕೈಗಳು ಬೆಳೆದವು. ಈ ಹಿರಿಯರಿಗೆ ಕೆಲಸ ಕಲಿಸಿದ್ದು ಅವರ ಅಪ್ಪ. ಅವರ ಕಾಲದಲ್ಲಿ ಕೈಪಂಪು, ಚರ್ಮದ ವಾಷರು. ಇವರ ಕಾಲಕ್ಕೆ ಎಚ್‌ಟಿಪಿ ಅಂತ ಕರೆಯುವ ಮೂರು ಪ್ಲಂಜರಿನ ಪಂಪು. ನನ್ನ ಕೈಯಲ್ಲಿದ್ದ ಕಾರು ತೊಳೆಯುವ ಮಷೀನು ಅವರು ಅದುವರೆಗೆ ಬಿಚ್ಚಿ ನೋಡದ ಜಾತಿ. ಆದರೂ ಐದು ನಿಮಿಷದಲ್ಲಿ ಅದರ ಕಥೆಯನ್ನೆಲ್ಲ ಹೇಳಿಬಿಟ್ಟರು. ನಾನು ಇಡೀ ಮಧ್ಯಾಹ್ನ ಕೂತು ಕಂಡುಕೊಂಡಿದ್ದನ್ನು.

ಗೀರು ಬಿದ್ದ ಪ್ಲಂಜರನ್ನು ಉಗುರಿನಲ್ಲಿ ತಡವಿ ನೋಡಿದರು. "ಪಾಲಿಶ್ ಮಾಡಿದ್ರೆ ಸಣ್ಣ ಆಗ್ತದೆ, ಸೀಲು ಹಿಡಿಯೂದಿಲ್ಲ" ಅಂದರು. ಬಸ್‌ಸ್ಟ್ಯಾಂಡ್ ಹತ್ತಿರದ ಲೇತ್ ಅಂಗಡಿಗೆ ಕಳಿಸಿದರು. ಅಲ್ಲಿನ ಹುಡುಗ ಸ್ಟೇನ್‌ಲೆಸ್ ಸರಳಿನಲ್ಲಿ ಅದೇ ಅಳತೆಯ ಪ್ಲಂಜರ್ ಮಾಡಿದ. ಕೊನೆಗೆ ನೀರು ಹಾಕಿ ಉಜ್ಜುವ ಉಪ್ಪುಕಾಗದದಲ್ಲಿ, 2000 ನಂಬರಿನ ನಯಕ್ಕೆ ತರುವ ತನಕ ಉಜ್ಜಿದ. 350 ರೂಪಾಯಿ ತಗೊಂಡ. ಕಂಪನಿಯ ಪ್ಲಂಜರಿನಷ್ಟು ಗಡಸು ಇರುವುದಿಲ್ಲ, ಬೇಗ ಸವೆಯಬಹುದು ಅಂತ ಅವನೇ ಹೇಳಿದ. ಇದನ್ನು ಮೊದಲೇ ಹೇಳುವ ಕೆಲಸಗಾರರ ಮೇಲೆ ನನಗೆ ಬಹಳ ಗೌರವ.

ಸೀಲು, ಎಣ್ಣೆ ಕಡೆಯ ಸೀಲು, ಒಂದು ಹಿಡಿ ಓ-ರಿಂಗು, ಎಣ್ಣೆ, ಎಲ್ಲ ಸೇರಿ 640 ರೂಪಾಯಿ.

ಮನೆಗೆ ಬಂದು ವಾಲ್ವುಗಳನ್ನು ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ನೆನೆಹಾಕಿದೆ. ಸುಣ್ಣದ ಪದರ ಸಣ್ಣಗೆ ನೊರೆ ಬಿಟ್ಟು ಕರಗಿತು. ಪಂಪಿನ ತಲೆಯನ್ನು ಮಾತ್ರ ಹೆಚ್ಚು ಹೊತ್ತು ಬಿಡಲಿಲ್ಲ, ಹುಳಿ ಅಲ್ಯೂಮಿನಿಯಂ ತಿನ್ನುತ್ತದೆ. ತೆಳ್ಳಗೆ ಮಾಡಿಕೊಂಡು, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ, ಕೂಡಲೇ ತೊಳೆದೆ. ಲೋಹದ ಕಡ್ಡಿ ಹಾಕಿ ಕೆರೆಯಬಾರದು. ಓ-ರಿಂಗ್ ಕೂರುವ ಗುಂಡಿಗೆ ಗೀರಾದರೆ ಮತ್ತೆ ಅಲ್ಲಿಂದಲೇ ಸೋರುತ್ತದೆ.

ಸೀಲಿಗೆ ಒಂದು ಮುಖ ಇದೆ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ತುಟಿಯ ಹಾಗೆ ಬಿಚ್ಚಿಕೊಂಡಿರುತ್ತದೆ. ತುಟಿ ನೀರಿನ ಕಡೆಗೇ ಇರಬೇಕು. ಒತ್ತಡ ಏರಿದಂತೆ ನೀರೇ ಆ ತುಟಿಯನ್ನು ಅಗಲಿಸಿ ಪ್ಲಂಜರಿಗೆ ಒತ್ತಿ ಹಿಡಿಸುತ್ತದೆ. ಸೋರಲು ಹೊರಟ ನೀರೇ ಸೋರುವ ದಾರಿಯನ್ನು ಮುಚ್ಚುತ್ತದೆ. ಇಷ್ಟು ಸರಳವಾದ, ಇಷ್ಟು ಬುದ್ಧಿವಂತ ಯೋಚನೆ ಯಾರ ತಲೆಗೆ ಮೊದಲು ಬಂತೋ, ಅವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಮೂರರಲ್ಲಿ ಒಂದನ್ನು ನಾನು ತಿರುಗುಮುರುಗಾಗಿ ಹಾಕಿದ್ದೆ. ಸಂಜೆ ಕರೆಂಟ್ ಹೋಗಿತ್ತು, ಟಾರ್ಚ್ ಬೆಳಕಿನಲ್ಲಿ ಕೆಲಸ ಮಾಡಿದ್ದೆ. ಮರುದಿನ ಓಡಿಸಿದಾಗ ಅಲ್ಲಿಂದಲೇ ನೀರು ಚಿಮ್ಮಿತು. ಮತ್ತೆ ಎಲ್ಲ ಬಿಚ್ಚಿದೆ. ಸೀಲು ತೆಗೆಯುವಾಗ ಹರಿಯಿತು. ಹಿರಿಯರು ಇದನ್ನು ಮೊದಲೇ ಎಣಿಸಿದ್ದರೋ ಏನೋ, ಪೊಟ್ಟಣದಲ್ಲಿ ನಾಲ್ಕನೆಯ ಸೀಲೂ ಇತ್ತು. ಅದಕ್ಕೆ ದುಡ್ಡು ಹಿಡಿದಿರಲಿಲ್ಲ.

ಆ ಚಿಮ್ಮಿದ ನೀರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಎಲ್ಲಿಂದ ಸೋರುತ್ತದೆ ಅಂತ ನೋಡಲು ಬೆರಳು ಅಡ್ಡ ಹಿಡಿಯಬೇಡಿ. ನಳಿಕೆಯ ಮುಂದೆ ಅಂತೂ ಕೈ, ಕಾಲು ಬರಲೇಬಾರದು. ಇಷ್ಟು ಒತ್ತಡದ ತೆಳುವಾದ ನೀರು ಚರ್ಮ ಕೊರೆದು ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ನೋವೂ ಮೊದಲಿಗೆ ಕಮ್ಮಿ ಇರಬಹುದು. ಒಳಗೆ ಮಾತ್ರ ಕೊಳೆ ಸಮೇತ ನೀರು ಹರಡಿರುತ್ತದೆ. ತಡ ಮಾಡಿದರೆ ಬೆರಳೇ ಹೋಗಬಹುದು. ಅರಿಶಿನ ಹಚ್ಚಿ ಸುಮ್ನೆ ಕೂರುವ ಗಾಯ ಇದಲ್ಲ. ಕೂಡಲೇ ಆಸ್ಪತ್ರೆಗೆ ಹೋಗಿ, ಪ್ರೆಶರ್ ನೀರು ತಾಗಿದ್ದು ಅಂತ ಬಾಯಿ ಬಿಟ್ಟು ಹೇಳಬೇಕು.

ಎರಡನೇ ಸಲ ಜೋಡಿಸಿದ ಮೇಲೆ ಮೋಟಾರು ಹಾಕುವ ಮೊದಲು ನಲ್ಲಿ ತಿರುಗಿಸಿ, ಗನ್ ಒತ್ತಿ ಹಿಡಿದು, ಗಾಳಿಯೆಲ್ಲ ಹೋಗುವ ತನಕ ನೀರು ಹರಿಯಬಿಟ್ಟೆ. ಗುಳುಗುಳು ನಿಂತು ಸಣ್ಣ ಧಾರೆ ಬಂದ ಮೇಲೆ ಸ್ವಿಚ್ ಹಾಕಿದೆ.

ಶಬ್ದವೇ ಬದಲಾಗಿತ್ತು. ಮೊದಲಿನ ಬಿಕ್ಕಳಿಕೆ ಇಲ್ಲ. ಒಂದೇ ಸಮನೆ ಗುಂಯ್ ಅನ್ನುವ ನಾದ. ಗನ್ ಹಿಂದಕ್ಕೆ ಒದೆಯಿತು. ಅಂಗಳದ ಮೇಲೆ ಬೀಸಣಿಗೆಯ ಹಾಗೆ ಹರಡಿದ ನೀರು ಹೋದಲ್ಲೆಲ್ಲ ಹಸಿರು ಎದ್ದು, ಒಂದು ಗೇಣು ಅಗಲದ ಬೂದು ಪಟ್ಟೆ ಬಿತ್ತು. ನಮ್ಮ ಅಂಗಳದ ಸಿಮೆಂಟಿನ ನಿಜವಾದ ಬಣ್ಣ ನಾನು ಎಷ್ಟೋ ವರ್ಷದ ಮೇಲೆ ನೋಡಿದೆ. ಕೊಟ್ಟಿಗೆಯಿಂದ ಬಾವಿಕಟ್ಟೆಯ ತನಕ ಎರಡು ತಾಸಿನಲ್ಲಿ ಮುಗಿಯಿತು. ಅಮ್ಮ ಕತ್ತಿ ಹಿಡಿದು ಕೂತರೆ ನಾಲ್ಕು ದಿನದ ಕೆಲಸ.

ಎಲ್ಲಾ ಕಡೆ ಇದು ನಡೆಯುವುದಿಲ್ಲ. ಹಿಂದಿನ ಪಾಗಾರದ ಜಂಬಿಟ್ಟಿಗೆ ಕಲ್ಲಿಗೆ ಹೊಡೆದ ಕೂಡಲೇ ಕಲ್ಲೇ ಕೆಂಪು ನೀರಾಗಿ ಇಳಿಯಿತು. ತಕ್ಷಣ ನಿಲ್ಲಿಸಿದೆ. ಹಳೇ ಗಾರೆ, ಮಣ್ಣಿನ ಸಂದು, ಮರದ ಬಾಗಿಲು, ಹೆಂಚು, ಇವುಗಳ ಹತ್ತಿರ ಈ ಮಷೀನು ಒಯ್ಯಬಾರದು. ನೆಲಕ್ಕೆ ಹೊಡೆಯುವಾಗಲೂ ಅಗಲ ಬೀಸುವ ನಳಿಕೆ ಹಾಕಿ, ಒಂದು ಅಡಿ ದೂರ ಹಿಡಿಯಬೇಕು. ಸೂಜಿಯಂಥ ಧಾರೆ ಸಿಮೆಂಟಿನ ಮೇಲೂ ಗೆರೆ ಕೊರೆಯುತ್ತದೆ.

ಅಮ್ಮ ಜಗಲಿಯ ಮೇಲೆ ಕೂತು ನೋಡುತ್ತಿದ್ದಳು. ಪ್ಲಾಸ್ಟರ್ ತೆಗೆದು ಎರಡು ವಾರವಾಗಿತ್ತು. ನಾನು ಬಾವಿಕಟ್ಟೆಯ ಗೋಡೆಯ ಕಡೆ ಗನ್ ತಿರುಗಿಸಿದಾಗ ಎದ್ದು ನಿಂತಳು.

"ಅಲ್ಲಿ ಬೇಡ ತಮ್ಮಾ. ಆ ಪಾಚಿ ಬಿಡು. ಅದರ ಮೇಲೇ ಅಲ್ವಾ ಆ ಸಣ್ಣ ಜರಿಗಿಡ ಬರೋದು."

ಬಾವಿಯ ಗೋಡೆ ಹಾಗೇ ಹಸಿರಾಗಿದೆ. ಅಲ್ಲಿ ಯಾರೂ ನಡೆಯುವುದಿಲ್ಲ.

ಕೆಲಸ ಮುಗಿದ ಮೇಲೆ ಈಗ ನಲ್ಲಿ ಬಂದ್ ಮಾಡಿ, ಪೈಪ್ ಕಳಚಿ, ಒಂದೆರಡು ಕ್ಷಣ ಮೋಟಾರು ಹಾಕಿ ಒಳಗಿನ ನೀರು ದೂಡಿ ಹೊರಗೆ ಹಾಕುತ್ತೇನೆ. ಅಷ್ಟೇ, ಅದಕ್ಕಿಂತ ಹೆಚ್ಚು ಓಡಿಸುವುದಿಲ್ಲ. ನೀರು ಬರುವ ಬಾಯಲ್ಲಿರುವ ಜಾಲರಿ ತೊಳೆಯುತ್ತೇನೆ. ಅಬ್ಬಿ ನೀರಿನಲ್ಲಿ ಸುಣ್ಣವಿಲ್ಲ, ಆದರೆ ಮರಳು, ಎಲೆಯ ಚೂರು ಇದ್ದೇ ಇರುತ್ತವೆ. ಮಳೆಗಾಲ ಮುಗಿದ ಮೇಲೂ ತಿಂಗಳಿಗೊಮ್ಮೆ ಓಡಿಸುತ್ತೇನೆ. ಎಣ್ಣೆ ಇನ್ನೂ ಜೇನಿನ ಬಣ್ಣದಲ್ಲೇ ಇದೆ. ಲೇತ್‌ನಲ್ಲಿ ಮಾಡಿಸಿದ ಪ್ಲಂಜರಿನ ಕಡೆಯಿಂದ ಅರ್ಧ ಗಂಟೆಗೆ ಒಂದು ಹನಿ ಬೀಳುತ್ತದೆ. ಆ ಹನಿಯ ಮೇಲೆ ಕಣ್ಣಿಟ್ಟಿದ್ದೇನೆ.

ಗೀರು ಬಿದ್ದ ಹಳೇ ಪ್ಲಂಜರು ನನ್ನ ಹತ್ತಿರ ಇಲ್ಲ. ಹಿರಿಯರು ಕೇಳಿ ಇಟ್ಟುಕೊಂಡರು. ಅದಕ್ಕೆ ದಾರ ಕಟ್ಟಿ, ಹಳೇ ಸೀಲಿನ ಜೊತೆ ಗೋಡೆಯ ಒಂದು ಹೊಸ ಮೊಳೆಗೆ ನೇತು ಹಾಕಿದ್ದಾರೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಮೂರು ಅಂಕಿ. ಮೊನ್ನೆ ಅವರ ಫೋನ್ ಬಂತು. ಕಾರು ತೊಳೆಯುವ ಮಷೀನು ಇನ್ನೊಂದು ಬಂದಿದೆಯಂತೆ, ಹೊಸನಗರದ ಕಡೆಯವರದ್ದು. ಅದೇ ಬಿಕ್ಕಳಿಕೆ. ಹೊರಗಿನ ಕವಚ ಬಿಚ್ಚುವ ನಕ್ಷತ್ರದ ಕೀ ಅವರ ಹತ್ತಿರ ಇಲ್ಲ.

"ಸೋಮವಾರ ಪೇಟೆಗೆ ಬರೂದಾದ್ರೆ ಆ ಕೀ ತನ್ನಿ ಮಾರಾಯ್ರೇ" ಅಂದರು. "ಹಾಂ, ಆ ಇಡ್ಲಿ ತಟ್ಟೆನೂ."